ಕಡಲಿಗೆ ಹತ್ತೇ ನಿಮಿಷವೆ?

ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಕಾಂಪ್ಲೆಕ್ಸಿಗೆ ಎರಡು ರಸ್ತೆ ಆಚೆ ಇರುವ ಒಂದು ಪ್ರವಾಸ ಏಜೆನ್ಸಿಯ ಕಚೇರಿಯಲ್ಲಿ ಕೂತು ನಾನು ಆ ಕಾಗದವನ್ನು ಮೂರು ಸಲ ಓದಿದೆ. ‘ಕರಾವಳಿ ದರ್ಶನ: ಮೂರು ರಾತ್ರಿ, ನಾಲ್ಕು ಹಗಲು, ಹದಿನಾರು ಸ್ಥಳಗಳು’ ಎಂದು ಮೇಲೆ ದಪ್ಪಕ್ಷರದಲ್ಲಿತ್ತು. ಕೆಳಗೆ ರೈಲಿನ ವೇಳಾಪಟ್ಟಿಯ ಹಾಗೆ ಸಾಲುಸಾಲಾಗಿ ಗಂಟೆ, ನಿಮಿಷಗಳ ಲೆಕ್ಕ. ಸುಬ್ರಹ್ಮಣ್ಯ, ಧರ್ಮಸ್ಥಳ, ಕಟೀಲು, ಉಡುಪಿ, ಕೊಲ್ಲೂರು, ಇಡಗುಂಜಿ, ಗೋಕರ್ಣ... ಹದಿಮೂರನೆಯ ಸಾಲಿನಲ್ಲಿ ‘ಸಮುದ್ರ ವೀಕ್ಷಣೆ, 10 ನಿಮಿಷ’ ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ‘ಗೋಡಂಬಿ ಖರೀದಿ, 45 ನಿಮಿಷ’.

“ಅಲ್ಲಪ್ಪಾ, ಕರಾವಳಿ ಅಂತ ಹೆಸರಿಟ್ಟು ಕಡಲಿಗೆ ಹತ್ತೇ ನಿಮಿಷಾನಾ?” ಎಂದೆ.

ಮೇಜಿನ ಆಚೆ ಕೂತಿದ್ದ ಹುಡುಗ ನನ್ನ ಶಾಲೆಯಲ್ಲೇ ಓದಿದವನ ಹಾಗೆ ವಿನಯದಿಂದ ನಕ್ಕ. “ಮೇಡಂ, ಸಮುದ್ರದಲ್ಲಿ ನೋಡೋಕೆ ಏನಿದೆ? ಬರೀ ನೀರು. ಫೋಟೋಗೆ ಹತ್ತು ನಿಮಿಷ ಸಾಕು. ಬಂದೋರೆಲ್ಲ ಕೇಳೋದು ಒಂದೇ, ಎಷ್ಟು ಪ್ಲೇಸ್ ಕವರ್ ಆಗುತ್ತೆ ಅಂತ.”

ಹುಡುಗ ಸುಳ್ಳು ಹೇಳಲಿಲ್ಲ. ನಾವು ಕೇಳುವುದು ಅದನ್ನೇ. ಸೊಪ್ಪಿನವಳ ಹತ್ತಿರ ಕೊತ್ತಂಬರಿ ಕೊಸರು ಕೇಳುವ ಹಾಗೆ, “ಮುರುಡೇಶ್ವರಾನೂ ಸೇರಿಸಿಬಿಡಿ, ದಾರೀಲೇ ಅಲ್ವಾ” ಎಂದು ಚೌಕಾಸಿ ಮಾಡುವವರು ನಾವೇ. ಆದ್ದರಿಂದ ನನ್ನ ಜಗಳ ಏಜೆನ್ಸಿಯವರ ಜೊತೆಗಲ್ಲ. ಆ ಕಾಗದದ ಜೊತೆಗೆ, ಅದನ್ನು ಪ್ರಶ್ನಿಸದೆ ಮಡಿಚಿ ಬ್ಯಾಗಿಗೆ ಹಾಕಿಕೊಳ್ಳುವ ನಮ್ಮ ಅಭ್ಯಾಸದ ಜೊತೆಗೆ.

ಈ ಜಗಳ ನನ್ನ ಮನಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಇದೆ. ಕಾರಣ ನಮ್ಮಮ್ಮ.

2005ರ ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಇಂಥದೇ ಒಂದು ಬಸ್ಸಿನಲ್ಲಿ ಹೋಗಿದ್ದೆವು. ಅಮ್ಮನಿಗೆ ಆಗ ಅರವತ್ತು. ತುಮಕೂರಿನ ಕಡೆ ಹುಟ್ಟಿ, ಮದುವೆಯಾಗಿ ಬನಶಂಕರಿಗೆ ಬಂದು, ನಾಲ್ಕು ಮಕ್ಕಳನ್ನು ಸಾಕಿ, ಅತ್ತೆಯ ಕೊನೆಗಾಲದ ಸೇವೆ ಮಾಡಿ ಮುಗಿಸಿದ್ದ ಹೆಂಗಸು. ಕಡಲು ನೋಡಿರಲಿಲ್ಲ. ಹೊರಡುವ ಹಿಂದಿನ ಎರಡು ದಿನ ಕೂತು ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ಮಾಡಿದ್ದರು. ಮುರುಡೇಶ್ವರದಲ್ಲಿ ಮೂರು ಕಡೆ ಕಡಲು. ಆದರೆ ಅಮ್ಮ ಅಲ್ಲಿ ಹನ್ನೊಂದು ಜನರ ಚಪ್ಪಲಿ, ಆರು ಬ್ಯಾಗು ಕಾಯುತ್ತ ಒಂದು ಕಟ್ಟೆಯ ಮೇಲೆ ಕೂತಿದ್ದರು. “ನೀವು ಹೋಗಿ ಬನ್ನಿ, ನಾನು ಆಮೇಲೆ ನೋಡ್ತೀನಿ” ಎಂದವರಿಗೆ ಆಮೇಲೆ ಹೊತ್ತು ಉಳಿಯಲಿಲ್ಲ. ಬಸ್ಸಿನವನು ಹಾರನ್ ಹಾಕಿದ.

ಅಲ್ಲಿಂದ ಉಡುಪಿಗೆ ಬರುವಾಗ ಬೈಂದೂರು ದಾಟಿದ ಮೇಲೆ ಮರವಂತೆ ಬಂತು. ನೋಡಿದವರಿಗೆ ಗೊತ್ತು; ಬಲಗಡೆ ಅರಬ್ಬಿ ಸಮುದ್ರ, ಎಡಗಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಸಂಜೆ ಐದೂವರೆ ಇರಬೇಕು. ಅಮ್ಮ ಕಿಟಕಿಗೆ ಮುಖ ಹಚ್ಚಿ ಕೂತಿದ್ದವರು ಥಟ್ಟನೆ ಎದ್ದು ನಿಂತು, “ಒಂದು ಗಳಿಗೆ ನಿಲ್ಸಪ್ಪಾ” ಎಂದರು. ಜೀವಮಾನದಲ್ಲಿ ಅವರು ಪರಗಂಡಸಿನ ಹತ್ತಿರ ಹಾಗೆ ಗಟ್ಟಿಯಾಗಿ ಏನನ್ನಾದರೂ ಕೇಳಿದ್ದು ನಾನು ಕಂಡದ್ದು ಅದೊಂದೇ ಸಲ. ಟೂರ್ ಮ್ಯಾನೇಜರು, “ಪ್ರೋಗ್ರಾಮಲ್ಲಿ ಇಲ್ಲ ಅಮ್ಮಾ, ಉಡುಪಿ ದರ್ಶನ ತಪ್ಪಿಹೋಗುತ್ತೆ” ಎಂದ. ಬಸ್ಸಿನಲ್ಲಿದ್ದ ನಾಲ್ಕು ಜನ “ಹೌದು ಹೌದು” ಎಂದರು. ಅಮ್ಮ ಕೂತರು. ಕನಕನಿಗೆ ಕಿಂಡಿಯಲ್ಲಿ ಕೃಷ್ಣನೇ ತಿರುಗಿ ನಿಂತು ದರ್ಶನ ಕೊಟ್ಟನಂತೆ. ನಮ್ಮಮ್ಮನಿಗೆ ಬಸ್ಸಿನ ಕಿಂಡಿಯಲ್ಲಿ ಕಂಡ ಕಡಲು ತಿರುಗಿ ನಿಲ್ಲಲಿಲ್ಲ. ಎರಡು ನಿಮಿಷದಲ್ಲಿ ಹಿಂದೆ ಸರಿಯಿತು.

2011ರಲ್ಲಿ ಅಮ್ಮ ಹೋದರು. ಇನ್ನೊಂದು ಸಲ ಕರೆದುಕೊಂಡು ಹೋಗುತ್ತೇನೆ ಎಂದದ್ದು ಮಾತಾಗಿಯೇ ಉಳಿಯಿತು. ಮ್ಯಾನೇಜರನನ್ನು ನಾನು ಬಯ್ಯುವುದಿಲ್ಲ. ಪಕ್ಕದ ಸೀಟಿನಲ್ಲಿ ನಾನಿದ್ದೆ. ಬಿ.ಎ., ಬಿ.ಎಡ್. ಮಾಡಿದವಳು, ಅರವತ್ತು ಹುಡುಗರ ತರಗತಿಯನ್ನು ಒಂದು ಮಾತಿನಲ್ಲಿ ಸುಮ್ಮನಾಗಿಸುವವಳು. “ನಿಲ್ಲಿಸಿ” ಎಂದು ನಾನೊಂದು ಮಾತು ಕೂಡಿಸಬಹುದಿತ್ತು. ಕೂಡಿಸಲಿಲ್ಲ. ಪ್ರೋಗ್ರಾಮಲ್ಲಿ ಇಲ್ಲ ಎಂದ ಮೇಲೆ ಇಲ್ಲ ಎಂದು ನಾನೂ ಒಪ್ಪಿಕೊಂಡೆ.

ಆ ಪ್ರೋಗ್ರಾಮನ್ನು ಬರೆದವರು ಯಾರು? ಇದು ನಾನು ಕೇಳಬೇಕೆಂದಿರುವ ಪ್ರಶ್ನೆ.

ನಮ್ಮ ಮನೆಗಳಲ್ಲಿ ಪ್ರವಾಸದ ಕೆಲಸ ಎರಡು ಭಾಗ. ಎಲ್ಲಿಗೆ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ಗಂಡಸರು ತೀರ್ಮಾನಿಸುತ್ತಾರೆ. ಏನು ತಿಂಡಿ, ಎಷ್ಟು ಬಟ್ಟೆ, ಯಾರ ಮಾತ್ರೆ, ಯಾವ ಚೀಲದಲ್ಲಿ ಎಂಬುದನ್ನು ನಾವು ನೋಡಿಕೊಳ್ಳುತ್ತೇವೆ. ಮನೆಯ ಅಡಿಗೆಮನೆಯನ್ನೇ ಎರಡು ಚೀಲಕ್ಕೆ ತುಂಬಿಕೊಂಡು ಹೊರಡುವುದಕ್ಕೆ ನಾವು ಪ್ರವಾಸ ಎಂದು ಹೆಸರಿಟ್ಟುಕೊಂಡಿದ್ದೇವೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇನೆ. ಕೋಶ ಓದುವ ಹಕ್ಕಿಗೆ ನಮ್ಮ ಅಜ್ಜಿಯರು ಹೋರಾಡಿದರು. ದೇಶ ಸುತ್ತುವ ಹಕ್ಕು ಇನ್ನೂ ಬೇರೆಯವರ ಜೇಬಿನ ಕಾಗದದಲ್ಲಿದೆ.

2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಶಕ್ತಿ ಯೋಜನೆ ಶುರುವಾದಾಗ ಏನೇನು ನಗೆಹನಿಗಳು ಹುಟ್ಟಿದವು, ನೆನಪಿದೆಯೆ? “ಹೆಂಡ್ತೀರೆಲ್ಲ ಧರ್ಮಸ್ಥಳಕ್ಕೆ ಹೋದ್ರು, ಗಂಡಂದಿರು ಹೋಟೆಲಿಗೆ ಹೋದ್ರು” ಎಂದು ಗಂಡಸರು ನಕ್ಕರು, ನಾವೂ ನಕ್ಕೆವು. ಬಸ್ಸಿನ ಬಾಗಿಲಲ್ಲಿ ನೂಕಾಡುವ ಹೆಂಗಸರ ಚಿತ್ರಗಳನ್ನು ತೋರಿಸಿ ಇವರಿಗೇಕೆ ತಿರುಗಾಟ ಎಂದು ಕೇಳಿದರು. ಅವರಲ್ಲಿ ಎಷ್ಟು ಜನ ಹುಟ್ಟಿದ ಮೇಲೆ ಮೊದಲ ಸಲ ತಾಲೂಕು ದಾಟಿದವರೋ ಯಾರೂ ಕೇಳಲಿಲ್ಲ. ಆ ಯೋಜನೆಯಿಂದ ನಮಗೆ ಟಿಕೆಟ್ಟು ಸಿಕ್ಕಿತು. ಹೊತ್ತು ಸಿಕ್ಕಲಿಲ್ಲ. ಬೆಳಿಗ್ಗೆ ಹೋಗಿ ರಾತ್ರಿ ಬಂದು ಅನ್ನಕ್ಕಿಡುವ ಪ್ರವಾಸಗಳೇ ಹೆಚ್ಚು. ಅದೂ ಅಲ್ಲದೆ ಮಂಗಳೂರು, ಉಡುಪಿ, ಕುಂದಾಪುರದ ಹೆದ್ದಾರಿಯಲ್ಲಿ ಓಡುವವು ಬಹುಪಾಲು ಖಾಸಗಿ ಬಸ್ಸುಗಳು. ಅಲ್ಲಿ ಕಾಸು ಕೊಟ್ಟೇ ಹತ್ತಬೇಕು.

ಹಾಗಾಗಿ 2024ರ ದಸರೆ ರಜೆಗೆ ನಾವು ಆರು ಜನ ಹೆಂಗಸರು ನಮ್ಮದೇ ಒಂದು ಪ್ರವಾಸ ಯೋಚಿಸಿದೆವು. ನಮಗಾಗಿಯೇ ಒಂದು ಗಾಡಿ, ನಮಗಾಗಿಯೇ ಒಬ್ಬ ಮಾರ್ಗದರ್ಶಿ. ಬನಶಂಕರಿ ಎರಡನೇ ಹಂತದಿಂದ ಗಣಿತದ ಟೀಚರ್, ಜೆ.ಪಿ. ನಗರದಿಂದ ವಿಜ್ಞಾನದ ಟೀಚರ್, ಬಿ.ಟಿ.ಎಂ. ಲೇಔಟಿನಿಂದ ನನ್ನ ಓರಗಿತ್ತಿ, ನಮ್ಮ ಬೀದಿಯ ಇಬ್ಬರು ಮತ್ತು ನಾನು. ಈ ಸುದ್ದಿ ಕೇಳಿ ನಮ್ಮ ಯಜಮಾನರು ಸಂತೋಷದಿಂದಲೇ, “ಪ್ಲ್ಯಾನ್ ನಾನು ಮಾಡಿಕೊಡ್ತೀನಿ ಬಿಡು” ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೆ ಇಡೀ ವಿಷಯ ಆ ‘ಕೊಡ್ತೀನಿ’ಯಲ್ಲೇ ಇದೆ. ಕೊಟ್ಟದ್ದನ್ನು ತೆಗೆದುಕೊಂಡವರು “ಒಂದು ಗಳಿಗೆ ನಿಲ್ಸಪ್ಪಾ” ಎಂದು ಕೇಳುತ್ತಲೇ ಇರಬೇಕಾಗುತ್ತದೆ. “ಬೇಡಿ, ನಾವೇ ಮಾಡ್ತೀವಿ” ಎಂದೆ. ಎರಡು ದಿನ ಮನೆಯಲ್ಲಿ ಮಾತು ಸ್ವಲ್ಪ ಕಡಿಮೆಯಾಯಿತು.

ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ರಫ್ ನೋಟ್‌ಬುಕ್ಕಿನಲ್ಲಿ ಬರೆದೆವು. ಸುಲಭವಾಗಿ ಆಯಿತೆಂದು ತಿಳಿಯಬೇಡಿ. ಗಣಿತದ ಟೀಚರ್ ಮೊದಲೇ ನಲವತ್ತು ನಿಮಿಷದ ಪೀರಿಯಡ್ಡುಗಳಾಗಿ ನಾಲ್ಕು ದಿನವನ್ನು ಕೊಯ್ದು ತಂದಿದ್ದಳು. ಓರಗಿತ್ತಿಗೆ ಏಳು ದೇವಸ್ಥಾನ ಬೇಕು. ನಮ್ಮ ಬೀದಿಯ ಒಬ್ಬಾಕೆಗೆ ಗೋಕರ್ಣ ಬಿಡಲು ಮನಸ್ಸಿಲ್ಲ. ಎರಡನೆಯ ಭಾನುವಾರದ ಹೊತ್ತಿಗೆ ಪಟ್ಟಿಯಲ್ಲಿ ಹದಿನೆಂಟು ಸ್ಥಳಗಳಿದ್ದವು, ಏಜೆನ್ಸಿಯ ಕಾಗದಕ್ಕಿಂತ ಎರಡು ಹೆಚ್ಚು! ನಮಗೇ ನಾಚಿಕೆಯಾಗಿ ನಕ್ಕೆವು. ನಮ್ಮ ತಲೆಯೊಳಗೂ ಅದೇ ಕಾಗದ ಅಚ್ಚಾಗಿ ಕೂತಿತ್ತು.

ಆಮೇಲೆ ಹೊಡೆದು ಹಾಕುತ್ತ ಬಂದೆವು. ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂದು ಮೂರು ಜಿಲ್ಲೆ. ಮೂರನ್ನೂ ನಾಲ್ಕು ದಿನದಲ್ಲಿ ನೋಡುತ್ತೇವೆ ಎನ್ನುವುದು ಒಂದು ಪೀರಿಯಡ್ಡಿನಲ್ಲಿ ಇಡೀ ಪಠ್ಯಪುಸ್ತಕ ಮುಗಿಸುವ ಹಾಗೆ. ಮುಗಿದದ್ದು ಪುಸ್ತಕ, ಕಲಿತದ್ದು ಸೊನ್ನೆ. ಒಂದೇ ಜಿಲ್ಲೆ, ಒಂದೇ ಊರಿನಲ್ಲಿ ಮೂರು ರಾತ್ರಿ ಎಂದು ಕೊನೆಗೆ ಒಪ್ಪಿಗೆಯಾಯಿತು. ಕುಂದಾಪುರ. ಅಲ್ಲಿಂದ ಒಂದು ದಿನ ದಕ್ಷಿಣಕ್ಕೆ ಉಡುಪಿ, ಮಲ್ಪೆ. ಒಂದು ದಿನ ಕೋಟ ಮತ್ತು ಮರವಂತೆ. ಇನ್ನೊಂದು ದಿನ ಖಾಲಿ. ‘ಖಾಲಿ’ ಎಂದು ಪುಸ್ತಕದಲ್ಲಿ ಬರೆಯುವಾಗ ಎಲ್ಲರಿಗೂ ತಪ್ಪು ಮಾಡುತ್ತಿದ್ದೇವೇನೋ ಎಂಬ ಭಾವ. ಕೆಲಸವಿಲ್ಲದ ಒಂದು ದಿನವನ್ನು ಕೈಯಾರೆ ಬರೆದುಕೊಂಡದ್ದು ನಮ್ಮಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ಇನ್ನು ಮೂರು ಕಟ್ಟಳೆ ಮಾಡಿಕೊಂಡೆವು. ಒಂದು, ಯಾರೂ ಮನೆಯಿಂದ ತಿಂಡಿ ಕಟ್ಟಿಕೊಂಡು ಬರಬಾರದು. ಕುಂದಾಪುರದಲ್ಲಿ ಜನ ಊಟ ಮಾಡುತ್ತಾರೆ, ನಾವೂ ಮಾಡೋಣ. ವಿಜ್ಞಾನದ ಟೀಚರ್ ಆಗ ಮೆಲ್ಲಗೆ, “ಹಾಗಾದ್ರೆ ನಾನು ಒಂದು ಹೊತ್ತು ಮೀನಿನ ಊಟ ಮಾಡಬಹುದಾ?” ಎಂದಳು. ಹದಿನೆಂಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದ್ದೇವೆ. ಶಾಲೆಯ ಪ್ರವಾಸಗಳಲ್ಲಿ ಅವಳು ನಮ್ಮ ಪುಳಿಯೋಗರೆಯನ್ನೇ ತಿಂದುಕೊಂಡು ಬಂದಿದ್ದಳು. ನಾವು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಪ್ರೋಗ್ರಾಮು ಬರೆಯುವ ಅಧಿಕಾರ ಸಿಕ್ಕವರು ಇನ್ನೊಬ್ಬರಿಗೆ ಏನು ಮಾಡುತ್ತಾರೆ ಎಂಬುದು ಆವತ್ತು ನನಗೂ ಗೊತ್ತಾಯಿತು. 

ಎರಡು, ನೀರು ಕುಡಿಯಬೇಕು. ನಗಬೇಡಿ. ಪ್ರವಾಸದಲ್ಲಿ ಹೆಂಗಸರು ನೀರು ಕುಡಿಯುವುದಿಲ್ಲ, ಏಕೆಂದು ನಿಮಗೂ ಗೊತ್ತು. ಹದಿನಾರು ಸ್ಥಳಗಳ ಕಾಗದದಲ್ಲಿ ಶೌಚಾಲಯ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಗಂಡಸರು ಬರೆದ ಕಾಗದಕ್ಕೆ ಅದು ಹೊಳೆಯುವುದಿಲ್ಲ. ಅವರಿಗೆ ಇಡೀ ಹೆದ್ದಾರಿಯೇ ಇದೆ. ನಮ್ಮ ಪುಸ್ತಕದಲ್ಲಿ ಎರಡು ಗಂಟೆಗೊಂದು ನಿಲುಗಡೆ, ಚೊಕ್ಕಟವಾದ ಹೋಟೆಲೋ ಪೆಟ್ರೋಲ್ ಬಂಕೋ, ಮೊದಲೇ ವಿಚಾರಿಸಿ ಬರೆದೆವು.

ಮೂರು, ಮಾರ್ಗದರ್ಶಿ ಆ ಊರಿನವರೇ ಆಗಬೇಕು. ಬೆಂಗಳೂರಿನಿಂದ ಜೊತೆಗೆ ಬಂದು ಮೈಕಿನಲ್ಲಿ “ಎಡಗಡೆ ನೋಡಿ” ಎನ್ನುವವರು ಬೇಡ. ವಿಚಾರಿಸಿದಾಗ ಪರಿಚಯದವರ ಮೂಲಕ ಕುಂದಾಪುರದ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ ಸಿಕ್ಕರು. ದಿನಕ್ಕೆ ಎರಡು ಸಾವಿರ ಎಂದು ಹೇಳಿದಾಗ ನಮ್ಮಲ್ಲೇ ಒಬ್ಬಾಕೆ, “ಬರೀ ಮಾತಾಡೋಕೆ ಅಷ್ಟಾ?” ಎಂದಳು. ಗಾಡಿಯ ಎ.ಸಿ.ಗೆ ಹೆಚ್ಚುವರಿ ಕೊಡುವಾಗ ಈ ಪ್ರಶ್ನೆ ಬಂದಿರಲಿಲ್ಲ. ಮಾತಾಡಿಯೇ ಜೀವನ ಮಾಡುವ ಟೀಚರುಗಳು ನಾವು. ಮಾತಿಗೆ ಬೆಲೆ ಇಲ್ಲ ಎಂದು ನಾವೇ ಹೇಳಿದರೆ?

ಕೊನೆಗೆ ಗಾಡಿಗಾಗಿ ಅದೇ ಏಜೆನ್ಸಿಗೆ ಹೋದೆ. ಹುಡುಗ ನಮ್ಮ ಪುಸ್ತಕ ನೋಡಿ ಟೈಪು ಮಾಡುತ್ತ ತಲೆ ಎತ್ತಿದ. “ಮರವಂತೆ, ಮೂರು ಗಂಟೆ. ಅಲ್ಲಿ ಮೂರು ಗಂಟೆ ಏನ್ ಮಾಡ್ತೀರಾ ಮೇಡಂ?”

“ಕೂತ್ಕೋತೀವಪ್ಪಾ.”

ನೆಂಟರಿಷ್ಟರಿಂದ ಬಂದ ಆಕ್ಷೇಪಣೆಗಳನ್ನೂ ಇಲ್ಲಿ ಹೇಳಬೇಕು. ದೇವರನ್ನು ಬಿಟ್ಟು ಪ್ರವಾಸವೆ ಎಂದರು. ದೇವರನ್ನು ನಾನು ಬಿಟ್ಟಿಲ್ಲ. ಉಡುಪಿಯ ಕೃಷ್ಣನಿಗೆ ನಮ್ಮ ಪುಸ್ತಕದಲ್ಲಿ ಒಂದು ಇಡೀ ಬೆಳಗು ಇತ್ತು. ದಿನಕ್ಕೆ ಐದು ದೇವಸ್ಥಾನದ ಸರತಿಯಲ್ಲಿ ನಿಂತು, ಪ್ರತಿಯೊಂದರಲ್ಲೂ ಗಡಿಯಾರ ನೋಡಿಕೊಂಡು ಕೈಮುಗಿಯುವುದು ಭಕ್ತಿಯೆ, ಹಾಜರಿಯೆ? ಹಾಜರಿ ಪುಸ್ತಕದ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಇನ್ನು ಹೆಂಗಸರೇ ಹೋಗುವುದು ಕ್ಷೇಮವೆ ಎಂದು ಕೇಳಿದವರು ಬಹಳ. ಈ ಕರಾವಳಿಯ ಚರಿತ್ರೆಯನ್ನು ಒಮ್ಮೆ ತೆಗೆದು ನೋಡಿ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಎದುರು ಉಳ್ಳಾಲವನ್ನು ಕಾದವಳು ರಾಣಿ ಅಬ್ಬಕ್ಕ. ಅದೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳುತ್ತ ಕಾಳುಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡವಳು ಚೆನ್ನಭೈರಾದೇವಿ. ಪೋರ್ಚುಗೀಸರೇ ಅವಳನ್ನು ಮೆಣಸಿನ ರಾಣಿ ಎಂದರು. ಕುಮಟಾದ ಹತ್ತಿರ ಮಿರ್ಜಾನ್ ಕೋಟೆ ಅವಳ ಹೆಸರು ಹೇಳುತ್ತ ನಿಂತಿದೆ. ಹದಿನಾರು ಸ್ಥಳಗಳ ಪಟ್ಟಿಯಲ್ಲಿ ಉಳ್ಳಾಲವೂ ಇರಲಿಲ್ಲ, ಮಿರ್ಜಾನೂ ಇರಲಿಲ್ಲ. ಗೋಡಂಬಿ ಅಂಗಡಿ ಇತ್ತು. ನಮ್ಮ ನಾಲ್ಕು ದಿನಕ್ಕೂ ಅವು ಸೇರಲಿಲ್ಲ. ಮುಂದಿನ ವರ್ಷಕ್ಕೆ ಎಂದು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟೆವು.

ಕ್ಷೇಮದ ಪ್ರಶ್ನೆಯಲ್ಲಿ ನಿಜವಾದದ್ದೂ ಒಂದಿದೆ, ಅದನ್ನು ಒಪ್ಪುತ್ತೇನೆ. ಅದು ಗಂಡಸರು ಜೊತೆಗಿದ್ದರೆ ತೀರುವಂಥದಲ್ಲ. ಆ ವರ್ಷದ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ಗಂಗಾವಳಿ ನದಿಗೆ ತಳ್ಳಿತ್ತು. ಕರಾವಳಿಯ ಮಳೆಗಾಲವನ್ನು ಮೊಬೈಲಿನ ಸುಂದರ ಚಿತ್ರ ನೋಡಿ ಅಳೆಯಬಾರದು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ಪ್ರವಾಸಿ ದೋಣಿಯೂ ಹೋಗುವುದಿಲ್ಲ. ಇವನ್ನೆಲ್ಲ ತಿಳಿದುಕೊಳ್ಳುವುದೇ ಪ್ಲ್ಯಾನು. ಹೋಟೆಲಿನ ದರ ಹೋಲಿಸುವುದು ಅದರ ಬಾಲ ಮಾತ್ರ.

ವಿಜಯದಶಮಿ ಮುಗಿಸಿ ಹೊರಟೆವು. ಬೆಳಗಿನ ಮೊದಲ ಮೆಟ್ರೋ ಹತ್ತಿ ಜಯನಗರದಿಂದ ನೇರ ಯಶವಂತಪುರ, ಅಲ್ಲಿಂದ ಮಂಗಳೂರಿನ ಹಗಲು ರೈಲು. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಇಳಿಯುವುದಕ್ಕಿಂತ ಇದು ಎಷ್ಟೋ ವಾಸಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್ ಘಟ್ಟ, 57 ಸುರಂಗಗಳು. ಹಳಿ ಅಗಲ ಮಾಡುವುದಕ್ಕೆಂದು 1996ರಲ್ಲಿ ನಿಂತ ಈ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. ಗಣಿತದ ಟೀಚರ್ ಎಣಿಸಿ 56 ಎಂದಳು. ಒಂದು ಎಲ್ಲಿ ತಪ್ಪಿತು ಎಂದು ಮಂಗಳೂರಿನವರೆಗೆ ಚರ್ಚೆ.

ಮಾರನೆಯ ದಿನ ಉಡುಪಿಯಲ್ಲಿ ದರ್ಶನ ಮುಗಿಸಿ ಮಲ್ಪೆಗೆ ಹೋದರೆ ಗಾಳಿ ಜೋರಾಗಿದೆ, ದೋಣಿ ಬಿಡುವುದಿಲ್ಲ ಎಂದರು. ಪಟ್ಟಿಯ ಪ್ರವಾಸವಾಗಿದ್ದರೆ ದ್ವೀಪ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಹತ್ತಿರ ಖಾಲಿ ದಿನವೊಂದಿತ್ತಲ್ಲ! ನಿರಾಳವಾಗಿ ಬಂದರಿನ ಬದಿಯಲ್ಲಿ ಕೂತೆವು. ಬುಟ್ಟಿಯ ಮುಂದೆ ಕೂತು ಮೀನು ವಿಂಗಡಿಸುತ್ತಿದ್ದ ಹೆಂಗಸರ ಕೈಯ ವೇಗ ನೋಡಿ ನನ್ನ ಓರಗಿತ್ತಿ ಮೊಬೈಲು ಎತ್ತಿದಳು. ನಮ್ಮ ಮಾರ್ಗದರ್ಶಿ ಟೀಚರ್ ಮೆಲ್ಲಗೆ ಅವಳ ಕೈ ಇಳಿಸಿ, “ನೀವು ಅಡಿಗೆಮನೆಯಲ್ಲಿ ಬೆವರು ಸುರಿಸುವಾಗ ಯಾರಾದ್ರೂ ಕೇಳದೆ ಫೋಟೋ ತೆಗೆದ್ರೆ ಹೇಗಾಗ್ತದೆ?” ಎಂದರು. ಓರಗಿತ್ತಿ ಮೊಬೈಲು ಒಳಗಿಟ್ಟು ಆ ಹೆಂಗಸರ ಹತ್ತಿರ ಹೋಗಿ ಮಾತಾಡಿಸಿದಳು. ಅವರು ಎಷ್ಟು ಹೊತ್ತಿಗೆ ಏಳುತ್ತಾರೆ, ಮಕ್ಕಳು ಎಲ್ಲಿ ಓದುತ್ತಾರೆ, ಸೊಂಟನೋವಿಗೆ ಏನು ಹಚ್ಚುತ್ತಾರೆ ಎಂದೆಲ್ಲ ಅರ್ಧ ಗಂಟೆ ಹರಟಿದರು. ವಿಜ್ಞಾನದ ಟೀಚರ್ ಆವತ್ತು ಮಧ್ಯಾಹ್ನ ತನ್ನ ಮೀನಿನ ಊಟ ಮಾಡಿದಳು. ನಾವು ಐವರು ಅದೇ ಮೇಜಿನಲ್ಲಿ ಅನ್ನ ಸಾರು ಉಂಡೆವು. ಯಾರ ಜಾತಿಯೂ ಎಲ್ಲೂ ಹೋಗಲಿಲ್ಲ.

ಮೂರನೆಯ ದಿನ ಕೋಟ. ಶಿವರಾಮ ಕಾರಂತರ ಊರು. ‘ಮರಳಿ ಮಣ್ಣಿಗೆ’ಯನ್ನು ನಾನು ನಾಲ್ಕು ಸಲ ಓದಿದ್ದೇನೆ. ಆ ಹೊಲ, ಆ ಮರಳು, ಆ ತೆಂಗು ಕಣ್ಣಿಗೆ ಬಿದ್ದಾಗ ಪಾರೋತಿ, ಸರಸೋತಿ ನೆನಪಾದರು. ಕಡಲಿನ ಮೊರೆತ ಕಿವಿಗೆ ಬೀಳುವ ಕಡೆಯಲ್ಲೇ ಬದುಕಿದ ಹೆಂಗಸರು. ಜೀವಮಾನವಿಡೀ ಗದ್ದೆ, ಸೌದೆ, ಒಲೆ. ಅವರು ಕಡಲ ಮುಂದೆ ಸುಮ್ಮನೆ ಕೂತದ್ದು ಎಷ್ಟು ಸಲವಿದ್ದೀತು? ನಮ್ಮ ಟೀಚರ್ ನಕ್ಕು, “ನಾನೇ ಕೂತದ್ದು ರಿಟೈರ್ ಆದ ಮೇಲೆ” ಎಂದರು. ದೂರದಿಂದ ಬಂದವರಿಗೆ ಮಾತ್ರವಲ್ಲ, ಕಡಲ ಬದಿಯಲ್ಲಿ ಹುಟ್ಟಿದ ಹೆಂಗಸಿಗೂ ಕಡಲು ಪ್ರೋಗ್ರಾಮಿನಲ್ಲಿ ಇರಲಿಲ್ಲ.

ಅಲ್ಲಿಂದ ಮರವಂತೆಗೆ ಬಂದಾಗ ಮೂರೂವರೆ. ಕಡಲು ಮಳೆಗಾಲದಲ್ಲಿ ದಡ ಕೊರೆಯುತ್ತದೆಂದು ಅಲ್ಲಲ್ಲಿ ದೊಡ್ಡ ಬಂಡೆಗಳ ತಡೆ ಹಾಕಿದ್ದಾರೆ. ಓರಗಿತ್ತಿ ಸೀರೆ ಎತ್ತಿಕಟ್ಟಿ ನೀರಿನ ಕಡೆ ಹೊರಟಳು. ಟೀಚರ್ ದನಿ ಏರಿಸಿದರು, “ಹ್ವಾಯ್, ಅಲ್ಲಿ ಬ್ಯಾಡ! ಕಡ್ಲಿಗ್ ಬೆನ್ ಹಾಕುಕಾಗ!” ಆ ಜಾಗದಲ್ಲಿ ಇಳಿಯುವ ಹಾಗಿಲ್ಲ, ಕಾಲಡಿಯ ಮರಳನ್ನೇ ಅಲೆ ಎಳೆದುಕೊಂಡು ಹೋಗುತ್ತದೆ, ನೋಡಲು ಸೌಮ್ಯ, ಒಳಗೆ ಸೆಳೆತ ಎಂದು ವಿವರಿಸಿದರು. ಓರಗಿತ್ತಿಗೆ ಮುಖ ಸಣ್ಣದಾಯಿತು. “ನಾನೂರು ಕಿಲೋಮೀಟರ್ ಬಂದು ಕಾಲೂ ತೋಯಿಸಬಾರದಾ?” ಎಂದು ಗೊಣಗಿದಳು. ನನಗೂ ಒಳಗೊಳಗೆ ಇದು ಅತಿಯಾಯಿತು ಅನ್ನಿಸಿತು.

ಕೂತೆವು. ಮೊದಲ ಅರ್ಧ ಗಂಟೆ ಯಾರಿಗೂ ಕೂರಲು ಬರಲಿಲ್ಲ. ಒಬ್ಬಳು ಚೀಲ ಸರಿಮಾಡಿದಳು, ಒಬ್ಬಳಿಗೆ ಮನೆಯಿಂದ ಹುಳಿಪುಡಿ ಡಬ್ಬ ಎಲ್ಲಿ ಎಂದು ಫೋನು ಬಂತು. ಆಮೇಲೆ ಒಬ್ಬೊಬ್ಬರದೇ ಮಾತು ನಿಂತಿತು. ಸೂರ್ಯ ಕೆಳಗಿಳಿಯುತ್ತ ಬಂದ. ಹಿಂದೆ ಹೆದ್ದಾರಿಯಲ್ಲಿ ಪ್ರವಾಸದ ಬಸ್ಸೊಂದು ನಿಲ್ಲದೆ ಹೋಯಿತು. ಕಿಟಕಿಗಳಲ್ಲಿ ಮುಖಗಳಿದ್ದವು. ನಾನು ಅಮ್ಮನ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ. ಕತ್ತಲಾಗುವವರೆಗೆ ಕೂತಿದ್ದು ಎದ್ದೆವು.

ಖಾಲಿ ದಿನ ಗಾಳಿ ಇಳಿಯಿತು, ಸೇಂಟ್ ಮೇರಿ ದ್ವೀಪಕ್ಕೆ ಹೋದೆವು. ಕಂಬ ಜೋಡಿಸಿಟ್ಟಂಥ ಆ ಬಂಡೆಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಆರಿ ಆದವು. “ನಮ್ಮ ಲಾಲ್‌ಬಾಗಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷದ್ದು, ಇದಕ್ಕೆ ಅಜ್ಜಿಯ ಅಜ್ಜಿ” ಎಂದಳು ವಿಜ್ಞಾನದ ಟೀಚರ್. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಂತೆ. ಲಾಲ್‌ಬಾಗಿನಲ್ಲಿ ಮೂವತ್ತು ವರ್ಷದಿಂದ ವಾಕಿಂಗ್ ಮಾಡುವ ನಾನು ಆ ಬಂಡೆಯ ವಯಸ್ಸು ತಿಳಿದದ್ದು ಮಲ್ಪೆಯ ಕಡಲ ನಡುವೆ. ಆವತ್ತು ರಾತ್ರಿ ಪಂಚಗಂಗಾ ರೈಲಿನಲ್ಲಿ ಊರಿಗೆ ಮರಳಿದೆವು.

ಇದೆಲ್ಲ ಒಂದು ಸುಖದ ನೆನಪಾಗಿ ಮುಗಿಯಬಹುದಿತ್ತು. ಎರಡು ತಿಂಗಳಿಗೆ, ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡ ಸುದ್ದಿ ಬಂತು. ಸ್ಟಾಫ್ ರೂಮಿನಲ್ಲಿ ಯಾರೂ ಡಬ್ಬಿ ಬಿಚ್ಚಲಿಲ್ಲ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದು ತಲೆ ಎಣಿಸಿ ಎಣಿಸಿ ಬಸ್ಸು ಹತ್ತಿಸಿದ ಯಾವ ಟೀಚರಿಗೂ ಆ ಸುದ್ದಿ ಬೇರೆಯವರದಲ್ಲ. ಬಯಲುಸೀಮೆಯ ಮಕ್ಕಳು ಕಡಲು ಕಂಡರೆ ಓಡುತ್ತಾರೆ. ಅವರ ತಪ್ಪೇನಿಲ್ಲ. ಅಲ್ಲಿ ಏನಾಯಿತು, ಯಾರ ತಪ್ಪು ಎಂದು ದೂರದಲ್ಲಿ ಕೂತ ನಾನು ತೀರ್ಪು ಕೊಡಲಾರೆ. ನಾನು ನಡೆಸಿದ ಪ್ರವಾಸಗಳ ಬಗ್ಗೆ ಮಾತ್ರ ಹೇಳಬಲ್ಲೆ. ಎಷ್ಟೋ ವರ್ಷ ಎಂಬತ್ತು ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಆ ನೀರನ್ನು ಬಲ್ಲ ಒಬ್ಬರನ್ನೂ ಜೊತೆಗೆ ಇಟ್ಟುಕೊಂಡವಳಲ್ಲ. ‘ಹ್ವಾಯ್, ಅಲ್ಲಿ ಬ್ಯಾಡ’ ಎನ್ನುವ ಒಂದು ದನಿಗೆ ಎರಡು ಸಾವಿರ ಹೆಚ್ಚಾಯಿತೆಂದು ಗೊಣಗಿದವರು ನಾವು. ಆವತ್ತು ಸಂಜೆ ಓರಗಿತ್ತಿ ಫೋನು ಮಾಡಿದಳು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಆದ್ದರಿಂದ ಗೆಳತಿಯರೇ, ಇಷ್ಟೇ ನನ್ನ ಅಹವಾಲು. ಮುಂದಿನ ರಜೆಗೆ ಕರಾವಳಿಗೆ ಹೊರಡುವಾಗ ಆ ಕಾಗದವನ್ನು ಇಸಿದುಕೊಳ್ಳಬೇಡಿ, ಬರೆಯಿರಿ. ಎಷ್ಟು ಸ್ಥಳ ಎಂದು ಕೇಳುವ ಬದಲು ಪ್ರತಿ ಸ್ಥಳಕ್ಕೆ ಎಷ್ಟು ಹೊತ್ತು ಎಂದು ಕೇಳಿ. ಒಂದು ದಿನವನ್ನು ಖಾಲಿ ಬಿಡಿ. ಆ ಊರಿನ ಒಬ್ಬರನ್ನು, ಸಾಧ್ಯವಾದರೆ ಒಬ್ಬ ಹೆಂಗಸನ್ನು, ಜೊತೆಗೆ ಕರೆದುಕೊಳ್ಳಿ. ಅವರು ಕೇಳಿದ್ದನ್ನು ಚೌಕಾಸಿ ಮಾಡದೆ ಕೊಡಿ, ಅವರು ಬೇಡ ಎಂದ ಕಡೆ ಇಳಿಯಬೇಡಿ. ಜೊತೆಯವರಿಗೆ ಏನು ಬೇಕೆಂದು ಬಾಯಿಬಿಟ್ಟು ಕೇಳಿ. ಚಕ್ಕುಲಿ ಡಬ್ಬ ಮನೆಯಲ್ಲೇ ಇರಲಿ, ಬೇಕಾದವರು ತಿನ್ನುತ್ತಾರೆ.

ಮುಖ್ಯವಾಗಿ, ನಿಮ್ಮ ಅಮ್ಮ ಇದ್ದರೆ ಅವರನ್ನು ಕಿಟಕಿಯ ಪಕ್ಕ ಕೂರಿಸಿ ಸುಮ್ಮನಾಗಬೇಡಿ. “ನಿಲ್ಸಪ್ಪಾ” ಎಂದು ಅವರು ಕೇಳುವ ತನಕ ಕಾಯಬೇಡಿ. ಬಸ್ಸು ಎಲ್ಲಿ ನಿಲ್ಲಬೇಕೆಂದು ಮನೆಯಲ್ಲೇ ಅವರನ್ನು ಕೇಳಿ, ಮೊದಲ ಸಾಲಿನಲ್ಲಿ ಅದನ್ನು ಬರೆದುಬಿಡಿ.